ಮೀಟರಿನ ಮೂಲೆಯ ದೇವರು

ಆಗಷ್ಟೇ ಕೊಂಡಿದ್ದ ಹಳೇ ಕಾರಿನ ಮೀಟರನ್ನು ನಾಗಭೂಷಣ ಒರೆಸುತ್ತಿದ್ದಾಗ ಮೂಲೆಯಲ್ಲಿದ್ದ ದೇವರ ಸ್ಟಿಕರ್ ಕಿತ್ತು ಬಂತು. ಗಾಡಿ ಸ್ಟಾರ್ಟ್ ಮಾಡಿದರೆ, ಸ್ಟಿಕರ್ ಇದ್ದ ಜಾಗದಲ್ಲಿ ಇಂಜಿನ್ ದೋಷ ತೋರಿಸುವ ಹಳದಿ ದೀಪ ಉರಿಯುತ್ತಿತ್ತು.

"ಥೂ! ದೇವರನ್ನೇ ಅಡ್ಡ ಇಟ್ಟು ಟೋಪಿ ಹಾಕಿದ್ದಾನಲ್ಲ, ಅವನ ಮನೆ ಹಾಳಾಗ!" ಎಂದು ಮಾರಿದವನನ್ನು ಬೈಯುತ್ತಲೇ ಗ್ಯಾರೇಜಿಗೆ ಹೋದ.

ಮೆಕ್ಯಾನಿಕ್ ಸೆನ್ಸರ್ ಬದಲಾಯಿಸಿದ. ದೀಪ ಆರಿತು, ವಾರದೊಳಗೆ ಮತ್ತೆ ಹತ್ತಿತು. ವೈರುಗಳನ್ನೆಲ್ಲ ಬಿಚ್ಚಿ ಕಟ್ಟಿದ. ಮತ್ತೆ ಹತ್ತಿತು.

"ಹಳೇ ಗಾಡಿ ಸಾರ್, ಎಲ್ಲೀಂತ ಹುಡುಕ್ಲಿ? ಮಾರ್ಬಿಡಿ."

"ಇದನ್ನ ಇನ್ನೊಬ್ಬರ ತಲೆಗೆ ಕಟ್ಟೋದಾ? ಅವನಂಥ ನೀಚ ಅಲ್ಲ ಕಣಯ್ಯ ನಾನು!"

ಇನ್ನೊಂದು ಸೆನ್ಸರ್ ಹಾಕಿಸಿಕೊಂಡು ಹೊರಟ. ಸರ್ಕಲ್ ದಾಟುವಷ್ಟರಲ್ಲಿ ದೀಪ ಹತ್ತಿತು. ರೋಸಿಹೋಗಿ ಸ್ಟೇರಿಂಗಿಗೆ ಗುದ್ದಿ, ಸ್ಟಿಕರ್ ಅಂಗಡಿಯೊಂದರ ಮುಂದೆ ಗಾಡಿ ನಿಲ್ಲಿಸಿದ.

"ಯಾವ ದೇವರು ಕೊಡ್ಲಿ ಸಾರ್?"

"ಯಾವ್ದಾದ್ರೂ ಕೊಡಪ್ಪ. ಅದರ ಹಿಂದಿರೋ ಬೆಳಕು ಮಾತ್ರ ಕಾಣ್ಬಾರ್ದು."