ಊರೆಲ್ಲ ನಮ್ಮದೇ

“ಟೀವಿಯೋರು ಬೆಸಗರಳ್ಳಿಗೆ ಬಂದಿದ್ರೇನ್ಲಾ? ನಮ್ಮನ್ನ ಕೇಳಿದ್ರಾ?” ಚಿಕ್ಕಣ್ಣ ಟೀ ಲೋಟ ಕುಕ್ಕಿದ. ಅವನ ಪಕ್ಷ ಸೋಲುತ್ತದೆ ಎಂದು ಸಮೀಕ್ಷೆಯಲ್ಲಿ ಬಂದಿತ್ತು.

“ಹಂಗಾರೆ ಬಾಜಿ ಕಟ್ಟು,” ಎಂದ ಎದುರು ಪಕ್ಷದ ಮಾದಯ್ಯ.

“ನನ್ನ ಗಬ್ಬದ ಸೀಮೆಹಸ ಕಟ್ಟಿದೀನಿ. ನೀನು ಸೋತ್ರೆ ನಿನ್ನ ಜೋಡೆತ್ತು ನಂದು ಕಣ್ಲಾ!”

ಟೀ ಅಂಗಡಿಯಲ್ಲಿದ್ದವರೆಲ್ಲ ಸಾಕ್ಷಿಯಾದರು. ಚುನಾವಣೆ ಬಂತೆಂದರೆ ನಮ್ಮ ಕಡೆ ಕೊಟ್ಟಿಗೆಯ ದನಗಳಿಗೂ ನೆಮ್ಮದಿಯಿಲ್ಲ.

ಚಿಕ್ಕಣ್ಣ ತಾನೇ ಒಂದು ಸಮೀಕ್ಷೆ ಮಾಡಿದ್ದ. ಮತದಾನ ಮುಗಿದ ಮೇಲೆ ಮನೆಮನೆಗೂ ಹೋಗಿ, “ನಮಗೇ ತಾನೆ ಆಕಿದ್ದು?” ಎಂದು ಕೇಳಿದ್ದ. ಎಲ್ಲರೂ “ಊ ಕಣಣ್ಣ” ಅಂದಿದ್ದರು. ಅನ್ನದೆ ಏನು ಮಾಡಿಯಾರು? ಹಿಂದಿನ ಚುನಾವಣೆಯಲ್ಲಿ “ಇಲ್ಲ” ಎಂದ ಒಡಹುಟ್ಟಿದ ತಮ್ಮ ಪುಟ್ಟರಾಜುವಿನ ಮನೆಯಲ್ಲಿ ಅವನು ಇವತ್ತಿಗೂ ನೀರು ಮುಟ್ಟುವುದಿಲ್ಲ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ, ಅಷ್ಟೇ.

ಎಣಿಕೆಯ ದಿನ ಮಧ್ಯಾಹ್ನ ಮಂಡ್ಯದಿಂದ ಸುದ್ದಿ ಬಂತು. ಅವನ ಪಕ್ಷ ಸೋತಿತ್ತು. ಬೆಸಗರಹಳ್ಳಿಯ ಮತಗಟ್ಟೆಯಲ್ಲೇ ಮಣ್ಣುಮುಕ್ಕಿತ್ತು. ಸಂಜೆ ಮಾದಯ್ಯ ಬಂದು ಹಸುವಿನ ಹಗ್ಗ ಬಿಚ್ಚಿಕೊಂಡ. ಅದು ಬೀದಿಯ ತಿರುವಿನಲ್ಲಿ ನಿಂತು ಚಿಕ್ಕಣ್ಣನ ಹೆಂಡತಿ ಯಶೋದಮ್ಮನ ಕಡೆ ತಿರುಗಿ ಕೂಗಿತು. ಕರುವಾಗಿದ್ದಾಗಿನಿಂದ ಸಾಕಿದ್ದವಳು ಅವಳೇ. ಅದರ ಹಾಲನ್ನು ಡೇರಿಗೆ ಹಾಕಿಯೇ ಆ ಮನೆ ನಡೆಯುತ್ತಿತ್ತು.

“ಮಿಷನ್ನೇ ಮೋಸ ಕಣಮ್ಮಿ,” ಚಿಕ್ಕಣ್ಣ ಜಗುಲಿಯ ಮೇಲೆ ಕುಸಿದ. “ಊರೆಲ್ಲ ನಮಗೇ ಆಕಿತ್ತು. ನಾನೇ ಕೇಳಿದೀನಲ್ಲ.”

“ನಾನು ಆಕಿರ್ಲಿಲ್ಲ,” ಎಂದಳು ಯಶೋದಮ್ಮ.

ಅವನು ತಲೆಯೆತ್ತಿದ. “ಕೇಳ್ದಾಗ ನೀನೂ ಊ ಅಂದಿದ್ದೆ!”

“ಇನ್ನೇನು ಅನ್ಲಿ? ನನ್ನ ಮೈದುನ ನಿಜ ಯೋಳಿ ಏನಾದ ಅಂತ ನಾನೇ ನೋಡಿದೀನಲ್ಲ. ಹಸ ಬಾಜಿಗೆ ಕಟ್ಟೋ ಮುಂಚೆ ಮನೇಲಿ ಒಂದು ಮಾತು ಕೇಳಿದ್ಯಾ? ಕಟ್ಟಿ ಬಂದ್ಮೇಲೆ ಯೋಳಿ ಏನು ಪ್ರಯೋಜನ?”

ಚಿಕ್ಕಣ್ಣ ಬೆಳಿಗ್ಗೆಯಿಂದ ಬಾಯಿಗೆ ಏನೂ ಹಾಕಿಲ್ಲವಲ್ಲ ಎಂದು ಅವಳು ಒಳಗಿಂದ ಒಂದು ಚೊಂಬು ನೀರು ತಂದು ಅವನ ಮುಂದಿಟ್ಟಳು.

ಅವನು ಚೊಂಬನ್ನೇ ನೋಡುತ್ತ ಕುಳಿತ. ಆಮೇಲೆ ಅದನ್ನು ಮುಟ್ಟದೆ ಎದ್ದು, ಅಂಗಳ ದಾಟಿ ಹೋಗಿ, ಬೀದಿಯ ನಲ್ಲಿಗೆ ಬೊಗಸೆಯೊಡ್ಡಿದ.