ಎಮ್ಮೆ ತಿಂದ ಪತ್ತಾಗೋಬಿ

ಗುರುಲಿಂಗಮ್ಮ ಪತ್ತಾಗೋಬಿಯ, ಅಂದರೆ ಎಲೆಕೋಸಿನ, ಮೊದಲನೇ ಎಲೆ ಕಿತ್ತು ಎಮ್ಮೆಯ ಗೋದಲಿಗೆ ಎಸೆದಳು. ಎರಡನೆಯದನ್ನೂ ಎಸೆದಳು. ರಕ್ಕಸ ಏಳು ಕೋಟೆಗಳೊಳಗೆ ಗಿಳಿ ಬಚ್ಚಿಟ್ಟ ಹಾಗೆ, ಇಷ್ಟೊಂದು ಸಿಪ್ಪೆ ಸುತ್ತಿಕೊಂಡ ಕಾಯಿಯೊಳಗೆ ಏನೋ ದೊಡ್ಡದೇ ಇರಬೇಕೆಂದು ಅವಳ ಎಣಿಕೆ. ಅಂಥ ಕಾಯಿಯನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ.

ಬಾಣಂತಿ ಕೋಣೆಯ ಹೊಸ್ತಿಲೊಳಗೆ ಕೂಸಿಗೆ ಮೊಲೆಯೂಡಿಸುತ್ತ ಕೂತಿದ್ದ ಸೊಸೆ ಸೂಗಮ್ಮನ ಕಣ್ಣು ಒಂದೊಂದು ಎಲೆಯ ಹಿಂದೆಯೇ ಗೋದಲಿಗೆ ಹೋಗುತ್ತಿತ್ತು. ಹೆರಿಗೆಯಾಗಿ ಮೂರು ತಿಂಗಳು. ಒಣರೊಟ್ಟಿ, ಬೆಳ್ಳುಳ್ಳಿ ಖಾರ ಬಿಟ್ಟು ಅವಳ ಗಂಗಾಳಕ್ಕೆ ಹಸಿರೆಂಬುದು ಬಿದ್ದಿಲ್ಲ. ರೊಟ್ಟಿ ಕಚ್ಚಿದರೆ ವಸಡಿನಿಂದ ರಕ್ತ. ಎದೆಯ ಹಾಲೂ ಬತ್ತುತ್ತ ಬಂದಿದೆ.

ಗಂಡ ನಾಗೇಂದ್ರಪ್ಪ ವಾಡಿ ಸ್ಟೇಷನ್ನಿನಲ್ಲಿ ನಿಜಾಮರ ರೈಲಿಗೆ ಹಮಾಲ. ಅಲ್ಲಿನ ಡಾಕ್ಟರು ಅಮೀರ್ ಅಲಿ ಸಾಹೇಬರು ಅವನ ಸಂಕಟ ಕೇಳಿ, ತಮ್ಮ ಹಿತ್ತಲಿನ ಪತ್ತಾಗೋಬಿಯನ್ನೇ ಕಿತ್ತು ಕೊಟ್ಟಿದ್ದರು. ಬೆಳಿಗ್ಗೆ ಅದನ್ನು ತಾಯಿಯ ಕೈಗಿಟ್ಟು, "ಆಕಿಗಿ ಹಸೀದೇ ತಿನಸು ಅಂದಾರ, ಯವ್ವ. ವಸಡಿನ ರಕ್ತ ನಿಲ್ತದಂತ, ಹೊಟ್ಟಿ ಸಾಫ್ ಆಗ್ತದಂತ," ಎಂದು ಹೇಳಿ ಕೆಲಸಕ್ಕೆ ಓಡಿದ್ದ.

"ಅತ್ತಿ, ತಿನ್ನೋದು ಆ ಎಲಿನೇ ಇರಬೇಕ್ರಿ," ಎಂದಳು ಸೂಗಮ್ಮ.

"ಉಳ್ಳಾಗಡ್ಡಿ ಸಿಪ್ಪಿ ಸಮೇತ ತಿಂತಾರೇನು? ತಿರುಳು ಒಳಗಿರ್ತದ, ಸುಮ್ನ ಕುಂದ್ರು. ಎಲಿನೇ ಆದ್ರ ನಿನಗ ಬ್ಯಾಡೇ ಬ್ಯಾಡ. ಬಾಣಂತಿ ತಪ್ಪಲ ತಿಂದ್ರ ಕೂಸಿಗಿ ಶೀತ."

"ಡಾಕ್ಟರು ನನಗಂತನೇ ಕೊಟ್ಟಾರ್ರಿ."

"ಡಾಕ್ಟರೇನು ಹಡದಾರಾ? ನಾ ಆರು ಹಡದೀನಿ."

ಆ ಆರರಲ್ಲಿ ಉಳಿದವನು ನಾಗೇಂದ್ರಪ್ಪ ಒಬ್ಬನೇ. ಆ ಮಾತು ಸೂಗಮ್ಮನ ನಾಲಿಗೆಯ ತುದಿಗೆ ಬಂದು, ಬಾಯೊಳಗಿನ ರಕ್ತದ ಜೊತೆಗೇ ಒಳಗಿಳಿಯಿತು.

ಕೊನೆಗೆ ಗುರುಲಿಂಗಮ್ಮನ ಕೈಯಲ್ಲಿ ಉಳಿದದ್ದು ಹೆಬ್ಬೆರಳಷ್ಟು ಬಿಳಿ ದಂಟು. ತಿರುಗಿಸಿ ನೋಡಿದಳು, ಮೂಸಿದಳು. ತಪ್ಪಾಯಿತೆಂದು ಒಪ್ಪಿಕೊಳ್ಳುವ ಹೆಂಗಸಲ್ಲ ಅವಳು. "ಇಷ್ಟೇ ಅದ. ನಾಗೇಂದ್ರಪ್ಪಗ ಹುರಿದಿಡ್ತೀನಿ, ದುಡಿಯೋ ಗಂಡಸು," ಎಂದಳು. ಆಮೇಲೆ ಕರಕರ ಎಲೆ ಮೆಲ್ಲುತ್ತಿದ್ದ ಎಮ್ಮೆಯ ಬೆನ್ನು ಸವರಿ, "ತಿನ್ನು ನಮ್ಮವ್ವ, ಹೊಟ್ಟಿ ತುಂಬ ತಿನ್ನು. ಸಂಜಿಗಿ ಒಂದು ಪಾವು ಹೆಚ್ಚಿಗಿ ಕೊಡು," ಎಂದಳು.

ಸೂಗಮ್ಮನಿಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು. ಕೂಸನ್ನು ಕೌದಿಯ ಮೇಲೆ ಮಲಗಿಸಿ, ಬಾಣಂತಿ ದಾಟಬಾರದ ಹೊಸ್ತಿಲು ದಾಟಿ ನೇರ ಗೋದಲಿಗೆ ಬಂದಳು. ಎಮ್ಮೆಯ ಮೂತಿ ಸರಿಸಿ, ಉಳಿದ ಎಲೆಗಳನ್ನು ಬಾಚಿಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತು ಕಚ್ಚಿದಳು. ಬಿಳಿ ಎಲೆಯ ಮೇಲೆ ಹಲ್ಲಿನ ಗುರುತು ಕೆಂಪಗೆ ಮೂಡಿತು.

"ಏ ಸೂಗಿ, ಎಮ್ಮಿ ಎಂಜಲ ಅದು. ನೋಡಿದ ಮಂದಿ ಏನಂದಾರು?"

ಸೂಗಮ್ಮ ಬಾಯಲ್ಲಿದ್ದುದನ್ನು ನುಂಗಿದ ಮೇಲೆಯೇ ತಲೆಯೆತ್ತಿದಳು.

"ಈ ಮನ್ಯಾಗ ಹಾಲು ಕೊಡೋರು ನಾವಿಬ್ರು, ಅತ್ತಿ. ನೀವು ಮೇವು ಹಾಕೋದು ಒಬ್ಬಾಕಿಗೇ."