ಬೆರಳು ತಿಂದ ಮೆಷಿನ್ನು

“ಪ್ರಪಂಚದಲ್ಲಿ ಬೇರೆ ಮೆಷಿನ್ನೇ ಇಲ್ವೇನ್ರೀ? ನಿಮ್ಮ ಬೆರಳು ತಿಂದಿದ್ದೇ ಬೇಕಾ?”

ಬಡಗಿಯ ಹೆಂಡತಿ ಇದನ್ನು ಮೂರನೆಯ ಸಲ ಕೇಳಿದಳು. ಅವನು ಮೊದಲು ಕೆಲಸಕ್ಕಿದ್ದ, ಕುರ್ಚಿ ಮೇಜು ಮಾಡುವ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಹಳೆಯ ಯಂತ್ರಗಳನ್ನು ಮಾರಾಟಕ್ಕೆ ಇಟ್ಟಿದ್ದರು. ಅವನಾಗಲೇ ಬ್ಯಾಂಡ್‌ಸಾ ಎಂಬ ಮರ ಕೊಯ್ಯುವ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಳಗಿನ ಚಕ್ರವನ್ನು ತಿರುಗಿಸಿ ನೋಡುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಇದೇ ಯಂತ್ರದ ಗರಗಸದ ಪಟ್ಟಿ ಅವನ ಎಡಗೈಯ ಎರಡು ಬೆರಳುಗಳನ್ನು ಕತ್ತರಿಸಿತ್ತು. ಬೆರಳಿನ ಹಿಂದೆಯೇ ಕೆಲಸವೂ ಹೋಗಿತ್ತು. ಅಂದಿನಿಂದ ಮನೆಯ ಹಿಂದಿನ ಕೋಣೆಯಲ್ಲಿ ಕೈಗರಗಸ ಎಳೆದೆಳೆದು ತೊಟ್ಟಿಲು, ಸ್ಟೂಲು ಮಾಡಿಕೊಂಡಿದ್ದವನು, ಈ ಮಾರಾಟದ ಸುದ್ದಿ ಕಿವಿಗೆ ಬಿದ್ದದ್ದೇ ತಡ, ತಂದರೆ ಅದನ್ನೇ ತರುತ್ತೇನೆಂದು ಹಟ ಹಿಡಿದಿದ್ದ. ಹೆಂಡತಿ ಜೊತೆಗೆ ಬಂದದ್ದು ವ್ಯಾಪಾರ ಕುದುರಿಸುವುದಕ್ಕಲ್ಲ, ಮುರಿಯುವುದಕ್ಕೆ.

“ಇದರದೇನು ತಪ್ಪು?” ಎಂದ ಅವನು, ತಲೆ ಎತ್ತದೆ. “ಗಾರ್ಡ್ ಹಾಕಿದ್ರೆ ಇದು ನನ್ನ ಕೈ ಮುಟ್ತಾನೇ ಇರಲಿಲ್ಲ.”

“ಶುರುವಾಯ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.”

ಈ ಗಾದೆ ಅವರ ಮನೆಯಲ್ಲಿ ಹೇಳಿ ಹೇಳಿ ಸವೆದುಹೋಗಿತ್ತು. ಓಡುವ ಪಟ್ಟಿಗೆ ಕೈ ತಗಲದಂತೆ ಮುಚ್ಚುವ ತಗಡಿನ ಕವಚವೇ ಗಾರ್ಡು. ಅದನ್ನು ಕೆಲಸಗಾರನೇ ಅವಸರಕ್ಕೆ ಬಿಚ್ಚಿಟ್ಟಿದ್ದ ಎಂದು ಕಾರ್ಖಾನೆಯವರು ಕಾಗದ ಬರೆದು, ಮೊಹರು ಒತ್ತಿ ಕಳಿಸಿದ್ದರು. ಗಾರ್ಡು ಇರಲೇ ಇಲ್ಲ ಎಂದು ಇವನು. ಅವಳು ನಂಬಿದ್ದು ಕಾಗದವನ್ನು. ಊಟಕ್ಕೆ ಕೂತರೂ ಹೊರಗೆ ಬಸ್ಸು ನಿಂತಿದೆಯೇನೋ ಎಂಬಂತೆ ಗಬಗಬ ತಿನ್ನುವ ಮನುಷ್ಯ ಅಲ್ಲಿ ಮಾತ್ರ ಅವಸರ ಮಾಡಲಿಲ್ಲ ಎಂದರೆ ಯಾವ ಹೆಂಡತಿ ಒಪ್ಪಿಯಾಳು? ಅಂಗಿಯ ಗುಂಡಿ ಹಾಕಲು ಅವನು ತಡಕಾಡಿದಾಗ, ಲೋಟ ಕೈಜಾರಿದಾಗ, “ನೀವೇ ಮಾಡ್ಕೊಂಡಿದ್ದು, ಅನುಭವಿಸಿ” ಎನ್ನುವಳು. ಹಾಗೆನ್ನುತ್ತಲೇ ಬಂದು ಗುಂಡಿ ಹಾಕುವಳು. ಮೊದಮೊದಲು ಅವನು ಜಗಳವಾಡುತ್ತಿದ್ದ, ಆಮೇಲಾಮೇಲೆ ಬಿಟ್ಟುಬಿಟ್ಟ.

ಉಗ್ರಾಣದವನು ಬಂದು ಸ್ವಿಚ್ಚು ಒತ್ತಿದ. ಕೆಲಸಕ್ಕೆ ಸೇರಿ ಎರಡೇ ವರ್ಷವಾಗಿದ್ದ ಆತನಿಗೆ ಇವರ ಗುರುತಿರಲಿಲ್ಲ. ಬಾಯಿ ಮಾತ್ರ ಧಾರಾಳವಾಗಿತ್ತು. ಯಂತ್ರ ಅದುರುತ್ತದೆಯೇ ಎಂದು ನೋಡಲು ಬಡಗಿ ಅದರ ಮೇಜಿನ ಮೇಲೆ ಒಂದು ನಾಣ್ಯವನ್ನು ನೆಟ್ಟಗೆ ನಿಲ್ಲಿಸಿದ. ಪಟ್ಟಿ ಭರ್ರೆಂದು ಓಡುತ್ತಿದ್ದರೂ ನಾಣ್ಯ ಅಲುಗಲಿಲ್ಲ. ಅವನ ಮುಖ ಅರಳಿದ್ದನ್ನು ಹೆಂಡತಿ ಕಂಡಳು. ಇನ್ನು ಸುಮ್ಮನಿದ್ದರೆ ಉಳಿದ ಎಂಟು ಬೆರಳಿಗೂ ಗತಿಯಿಲ್ಲ.

“ಗಾರ್ಡೇ ಇಲ್ಲದ ಮೆಷಿನ್ನು ಯಾರಿಗೆ ಬೇಕು?” ಎಂದು ದನಿ ಏರಿಸಿದಳು. “ಗಾರ್ಡ್ ಇಲ್ಲ ಅಂದ್ರೆ ವ್ಯಾಪಾರನೂ ಇಲ್ಲ. ಏಳ್ರೀ, ಹೋಗೋಣ.”

“ಅಯ್ಯೋ, ಇಲ್ಲ ಅಂದವರು ಯಾರಮ್ಮ?” ಉಗ್ರಾಣದವನು ಯಂತ್ರ ನಿಲ್ಲಿಸಿ ಒಳಗೆ ಓಡಿದವನು ಮೊಳದುದ್ದದ ಒಂದು ಪೊಟ್ಟಣ ತಂದು, ಧೂಳು ಕೊಡವಿ ಅವಳ ಕೈಗಿಟ್ಟ. “ನೋಡಿ, ಹೊಚ್ಚ ಹೊಸದು! ಮೆಷಿನ್ ಜೊತೆಗೇ ಬಂದಿದ್ದು, ಹದಿನೆಂಟು ವರ್ಷ ಆಯ್ತು, ಇನ್ನೂ ಸೀಲೇ ಒಡೆದಿಲ್ಲ. ಹಾಕಿದ್ರೆ ಕೆಲಸ ನಿಧಾನ ಆಗತ್ತೆ ಅಂತ ಒಂದಿನಾನೂ ಹಾಕಲಿಲ್ವಂತೆ. ನಿಮ್ಮ ಅದೃಷ್ಟ.” ಅಷ್ಟು ಹೇಳಿ, ಗಿರಾಕಿ ಮನಸ್ಸು ಬದಲಿಸುವ ಮೊದಲೇ ಎಂದು ಬಡಗಿ ಚಾಚಿದ ಹಣ ಎಣಿಸಿಕೊಂಡು, ರಸೀದಿ ಪುಸ್ತಕ ತೆಗೆದು ಮೆಷಿನ್ನು ಒಂದು, ಸೀಲ್ ಒಡೆಯದ ಗಾರ್ಡು ಒಂದು ಎಂದು ಬರೆದು, ಸಹಿ ಹಾಕಿ, ಹರಿದೂ ಕೊಟ್ಟ.

ಅವಳು ಪೊಟ್ಟಣದ ಮೇಲಿನ ನಂಬರನ್ನು ಓದಿದಳು. ಬಗ್ಗಿ ಯಂತ್ರದ ತಗಡಿನ ಮೇಲಿನ ನಂಬರನ್ನೂ ಓದಿದಳು. ಎರಡೂ ಒಂದೇ. ಎಣ್ಣೆಕಾಗದ ಹಳದಿಯಾಗಿತ್ತು, ಅದಕ್ಕೆ ಬಿಗಿದ ಸೀಸದ ಮೊಹರು ಹಾಗೇ ಇತ್ತು. ಪೊಟ್ಟಣವನ್ನು ತೋಳಿನಲ್ಲಿ ಅವುಚಿಕೊಂಡಳು.

“ಏನ್ರೀ,” ಎಂದಳು, “ನೀವು ಹೇಳಿದ್ದು ನಿಜ.”

ಅವನು ನಾಣ್ಯವನ್ನು ಜೇಬಿಗೆ ಹಾಕಿಕೊಂಡ. “ಹೋಗ್ಲಿ ಬಿಡು. ಅದನ್ನ ಬಿಚ್ಚು, ಸರಿಯಾಗಿ ಕೂರತ್ತಾ ನೋಡೋಣ.”

“ಬಿಚ್ಚಲ್ಲ. ಈ ಸೀಲೇ ಸಾಕ್ಷಿ. ಬೇಕಾದ್ರೆ ಬೇರೆ ಗಾರ್ಡ್ ಮಾಡಿಸಿ. ಅದು ಕೂರೋವರೆಗೂ ಸ್ವಿಚ್ ಮುಟ್ಟೋ ಹಾಗಿಲ್ಲ.”

ಅಷ್ಟರಲ್ಲಿ ಮ್ಯಾನೇಜರು ಬಂದರು. ಅಂದು ಸೂಪರ್‌ವೈಸರಾಗಿದ್ದವರು, ಆ ಕಾಗದಕ್ಕೆ ಸಹಿ ಹಾಕಿದವರು ಇವರೇ. ಬಡಗಿಯನ್ನು ನೋಡಿದರು, ಅವನ ಕೈ ನೋಡಿದರು, ಅವಳ ತೋಳಿನಲ್ಲಿದ್ದ ಪೊಟ್ಟಣ ಕಂಡದ್ದೇ ಮುಖ ಬಿಳಿಚಿಕೊಂಡಿತು.

“ಅದನ್ನ ಇಲ್ಲಿ ಕೊಡಿ. ಅದು ಮಾರೋದಲ್ಲ.”

“ಮಾರಿ ಆಯ್ತು,” ಎಂದು ಅವಳು ರಸೀದಿ ತೋರಿಸಿದಳು. “ಎಲ್ಲಿ ತೋರಿಸ್ಬೇಕೋ ಅಲ್ಲಿ ಬಿಚ್ಚಿಸ್ತೀನಿ.”

ಮ್ಯಾನೇಜರು ಉಗ್ರಾಣದವನನ್ನು ದುರುಗುಟ್ಟಿ ನೋಡಿ, ಆಮೇಲೆ ದನಿಗೆ ಬೆಣ್ಣೆ ಸವರಿಕೊಂಡರು. “ನೋಡಮ್ಮ, ಆಗಿದ್ದು ಆಗಿಹೋಯ್ತು. ಹಳೇದನ್ನ ಕೆದಕಿದ್ರೆ ಹೋದ ಬೆರಳು ವಾಪಸ್ ಬರತ್ತಾ?”

“ಬರಲ್ಲ,” ಎಂದಳು ಅವಳು. ಪಕ್ಕದಲ್ಲಿದ್ದ ಸ್ಟೂಲನ್ನು ಕಾಲಿನಿಂದ ಅವರ ಕಡೆಗೆ ತಳ್ಳಿದಳು. “ಹನ್ನೊಂದು ವರ್ಷ ಇವರನ್ನ ಬೈದಿದ್ದೀನಿ. ಅದಷ್ಟೂ ನಿಮಗೆ ಸೇರಬೇಕಾದ್ದು. ಕೂತ್ಕೊಳ್ಳಿ, ಮುಗಿಯೋಕೆ ಹೊತ್ತು ಹಿಡಿಯತ್ತೆ.”